ಒಂದಕ್ಕೆ ಹೋಗಿ ಬಂದ ಮೇಲೆ ಎಷ್ಟು ಉಳಿಯಿತು?

ಎಂಟು ವರ್ಷದ ಹುಡುಗನೊಬ್ಬನಿದ್ದಾನೆ ಎಂದುಕೊಳ್ಳಿ. ಬೆಳಿಗ್ಗೆ ಹಾಸಿಗೆ ಒದ್ದೆ, ಹಗಲಿನಲ್ಲೂ ಆಟದ ನಡುವೆ ಚಡ್ಡಿ ನೆನೆಯುತ್ತದೆ. ‘ಇಷ್ಟು ದೊಡ್ಡವನಾಗಿ ನಾಚಿಕೆಯಿಲ್ಲವೆ?’ ಎಂಬ ಗದರಿಕೆ ದಿನವೂ ತಪ್ಪದು. ಕೆಲವು ಮನೆಗಳಲ್ಲಿ ಏಟೂ ಬೀಳುತ್ತದೆ. ಹುಡುಗ ಬೇಕೆಂದೇ ಹೀಗೆ ಮಾಡುತ್ತಿಲ್ಲ ಎಂದರೆ ದೊಡ್ಡವರು ನಂಬುವುದು ಕಷ್ಟ. ಆದರೆ ಅವನ ಮೂತ್ರಕೋಶದಲ್ಲಿ ಎಷ್ಟು ಹಿಡಿಯುತ್ತದೆ, ಒಂದಕ್ಕೆ ಹೋಗಿ ಬಂದ ಮೇಲೆ ಒಳಗೆ ಎಷ್ಟು ಉಳಿಯುತ್ತದೆ ಎಂಬುದನ್ನು ಅಳೆಯಲು ಸಾಧ್ಯ.

ಹಿಂದೆ ಇದಕ್ಕೆ ಮೂತ್ರನಾಳದೊಳಗೆ ಕೆಥೆಟರ್ ಎಂಬ ತೆಳು ಕೊಳವೆ ತೂರಿಸಬೇಕಿತ್ತು. ನೋವು, ಹೆದರಿಕೆ, ಜೊತೆಗೆ ಸೋಂಕಿನ ಭಯ. ಅಲ್ಟ್ರಾಸೌಂಡ್‌ನಲ್ಲಿ ಇದಾವುದೂ ಇಲ್ಲ. ಕಿಬ್ಬೊಟ್ಟೆಗೆ ತಣ್ಣನೆಯ ಜೆಲ್ ಸವರಿ ಪ್ರೋಬನ್ನು ಒತ್ತಿ ಹಿಡಿಯುತ್ತಾರೆ. ಮನುಷ್ಯನ ಕಿವಿಗೆ ಸೆಕೆಂಡಿಗೆ 20,000 ಕಂಪನಗಳ ಆಚೆಗಿನ ಶಬ್ದ ಕೇಳಿಸದು. ಇಲ್ಲಿ ಬಳಸುವುದು ಹತ್ತಾರು ಲಕ್ಷ ಕಂಪನಗಳ ಶಬ್ದ. ಅದು ಮಾಂಸಖಂಡಗಳಿಗೆ ತಾಗಿ ಪ್ರತಿಧ್ವನಿಸುತ್ತದೆ, ಮೂತ್ರದಲ್ಲಿ ಸುಮ್ಮನೆ ಹಾದುಹೋಗುತ್ತದೆ. ಹಾಗಾಗಿ ತುಂಬಿದ ಮೂತ್ರಕೋಶ ಪರದೆಯ ಮೇಲೆ ಕಪ್ಪು ಮೊಟ್ಟೆಯಂತೆ ಕಾಣುತ್ತದೆ. ಎಕ್ಸ್‌-ರೇ ವಿಕಿರಣದ ಸೋಂಕೂ ಇಲ್ಲದಿರುವುದರಿಂದ ಪರೀಕ್ಷೆಯನ್ನು ಮತ್ತೆ ಮತ್ತೆ ಮಾಡಬಹುದು.

ಮುಂದಿನದು ಹೈಸ್ಕೂಲಿನ ಲೆಕ್ಕ. ಉದ್ದ, ಅಗಲ, ಎತ್ತರಗಳನ್ನು ಗುಣಿಸಿ, ಬಂದದ್ದನ್ನು 0.52ರಿಂದ ಗುಣಿಸಬೇಕು. ಈ 0.52 ಎಲ್ಲಿಂದ ಬಂತು? ಪೈ ಬೆಲೆಯನ್ನು 6ರಿಂದ ಭಾಗಿಸಿ ನೋಡಿ. ಗೋಳದ ಘನಫಲದ ಸೂತ್ರವನ್ನೇ ಮೊಟ್ಟೆಯಾಕಾರಕ್ಕೆ ಹಿಗ್ಗಿಸಿದ್ದಾರೆ, ಅಷ್ಟೆ. ನಮ್ಮ ಹುಡುಗನ ಅಳತೆ 10, 7, 7 ಸೆಂಟಿಮೀಟರ್ ಇದ್ದರೆ ಸುಮಾರು 255 ಮಿ.ಲೀ. ಆಯಿತು. ನಾಲ್ಕರಿಂದ ಹನ್ನೆರಡು ವರ್ಷದ ಮಕ್ಕಳಿಗೆ ವಯಸ್ಸಿಗೆ ಒಂದು ಕೂಡಿಸಿ 30ರಿಂದ ಗುಣಿಸಿದರೆ ನಿರೀಕ್ಷಿತ ಪ್ರಮಾಣ ಸಿಗುತ್ತದೆ, ಎಂಟಕ್ಕೆ 270. ಅಂದರೆ ಇವನ ಮೂತ್ರಕೋಶವೇನೂ ಚಿಕ್ಕದಲ್ಲ.

ಹುಡುಗ ಹೋಗಿ ಬಂದ ಕೂಡಲೇ, ಐದು ನಿಮಿಷದೊಳಗೆ, ಮತ್ತೆ ಅಳೆಯುತ್ತಾರೆ. ಈಗ 5, 4, 4 ಸೆಂಟಿಮೀಟರ್. ಸುಮಾರು 42 ಮಿ.ಲೀ. ಒಳಗೇ ಉಳಿದಿದೆ! ಆರೋಗ್ಯವಂತ ಮಗು ಬಹುತೇಕ ಪೂರ್ತಿ ಖಾಲಿ ಮಾಡುತ್ತದೆ. 20 ಮಿ.ಲೀ.ಗಿಂತ ಹೆಚ್ಚು ಪದೇ ಪದೇ ಉಳಿದರೆ ಕಾರಣ ಹುಡುಕಲೇಬೇಕು. ನಿಂತ ಮೂತ್ರದಲ್ಲಿ ರೋಗಾಣು ಬೆಳೆಯುತ್ತದೆ. ಸೋಂಕು ಮೇಲೇರಿದರೆ ಮೂತ್ರಪಿಂಡಕ್ಕೇ ಕುತ್ತು. ಕೆಲವೊಮ್ಮೆ ಕಾರಣ ಬಹಳ ಸಾಮಾನ್ಯ: ಮಲಬದ್ಧತೆ. ಗಟ್ಟಿ ಮಲ ತುಂಬಿದ ಗುದನಾಳ ಹಿಂದಿನಿಂದ ಮೂತ್ರಕೋಶವನ್ನು ಒತ್ತುತ್ತಿರುವುದು ಅದೇ ಪರದೆಯಲ್ಲಿ ಕಾಣಿಸಬಹುದು.

ಅಳತೆ ತಪ್ಪುವುದೂ ಉಂಟು. ಮೂತ್ರಕೋಶ ನಿಜಕ್ಕೂ ಮೊಟ್ಟೆಯಾಕಾರದ್ದಲ್ಲ. ಉಳಿಕೆ ಕಡಿಮೆಯಿದ್ದಾಗ ಲೆಕ್ಕ ಇನ್ನಷ್ಟು ಏರುಪೇರು. ಅದಕ್ಕಿಂತ ದೊಡ್ಡ ತಪ್ಪು ಹೊರಗಿನ ಬೆಂಚಿನ ಮೇಲೆ ನಡೆಯುತ್ತದೆ. ‘ಇನ್ನೊಂದು ಲೋಟ ಕುಡಿ’ ಎಂದು ಅಮ್ಮ ನೀರು ಕುಡಿಸುತ್ತಲೇ ಇರುತ್ತಾರೆ, ಸರದಿ ಬರುವುದಿಲ್ಲ. ಅತಿಯಾಗಿ ಹಿಗ್ಗಿದ ಮೂತ್ರಕೋಶ ಸರಿಯಾಗಿ ಖಾಲಿಯಾಗದು, ಇಲ್ಲದ ದೋಷ ಕಂಡೀತು. ಮಗುವಿಗೆ ಸಹಜವಾಗಿ ಅವಸರವಾದಾಗ ಅಳೆಯುವುದೇ ಸರಿ. ಅಂಥ ಸಮಯದಲ್ಲಿ ‘ಈ ಮಗುವನ್ನು ಮೊದಲು ಕರೆಯಿರಿ’ ಎಂದು ಕೇಳಲು ಸಂಕೋಚ ಬೇಡ.

ಹಾಸಿಗೆ ಒದ್ದೆಯಾದ ಮಕ್ಕಳಿಗೆಲ್ಲ ಸ್ಕ್ಯಾನಿಂಗ್ ಬೇಕೆಂದಲ್ಲ. ಐದು ವರ್ಷದವರೆಗೆ ಅದು ಕಾಯಿಲೆಯೇ ಅಲ್ಲ; ಆಮೇಲೂ ರಾತ್ರಿ ಮಾತ್ರ ಆಗುತ್ತಿದ್ದರೆ ಸಾಮಾನ್ಯವಾಗಿ ಇದರ ಅಗತ್ಯ ಬೀಳದು. ಹಗಲಿನಲ್ಲೂ ಸೋರುವುದು, ತಿಣುಕುವುದು, ಧಾರೆ ಸಣ್ಣಗಿರುವುದು, ಮತ್ತೆ ಮತ್ತೆ ಉರಿಮೂತ್ರ ಮತ್ತು ಜ್ವರ ಇದ್ದರೆ ವೈದ್ಯರ ಬಳಿ ಹೋಗಲು ತಡಮಾಡಬಾರದು.

ಹೋಗುವ ಮುನ್ನ ಮನೆಯಲ್ಲಿ ಎರಡು ರಜಾದಿನ ಒಂದು ಅಳತೆ ಮಗ್ಗು ಇಟ್ಟು, ಪ್ರತಿಸಲದ ಪ್ರಮಾಣವನ್ನೂ ಹೊತ್ತನ್ನೂ ಬರೆದಿಡಿ. ಶಾಲೆಯಲ್ಲಿ ಒಂದಕ್ಕೆ ಹೋಗಲು ಬಿಡುತ್ತಾರೆಯೇ, ಅಲ್ಲಿನ ಕಕ್ಕಸಿಗೆ ಚಿಲಕವಿದೆಯೇ, ನೀರು ಬರುತ್ತದೆಯೇ ಎಂದೂ ಮಗುವನ್ನು ಕೇಳಿ. ಬೆಳಿಗ್ಗೆ ಹೊರಟವಳು ಸಂಜೆ ಮನೆ ಸೇರುವವರೆಗೆ ತಡೆದುಕೊಂಡೇ ಇರುವ ಹುಡುಗಿಯ ವಿಷಯವನ್ನು ವೈದ್ಯರಿಗೆ ಹೇಳದಿದ್ದರೆ, ಯಂತ್ರವೊಂದೇ ಅದನ್ನು ತಿಳಿಸಲಾರದು.