ಛೆಟ್ರಿ ನಂತರ ಯಾರು? ಕರೋಶಿಯಲ್ಲೂ ಹುಡುಕಿ

ಫೆಬ್ರುವರಿ 14ರಿಂದ ಇಂಡಿಯನ್ ಸೂಪರ್ ಲೀಗ್ ಶುರು ಎಂದು 2026ರ ಜನವರಿಯಲ್ಲಿ ಕೇಂದ್ರ ಕ್ರೀಡಾ ಸಚಿವರು ಪ್ರಕಟಿಸಿದಾಗ ಫುಟ್‌ಬಾಲ್ ವಲಯ ನಿರಾಳವಾಯಿತು. 14 ತಂಡಗಳು, 91 ಪಂದ್ಯಗಳು. ಒಂದು ತಂಡಕ್ಕೆ ಬರೀ 13. ಹಿಂದಿನ ಸೀಸನ್‌ನ ಲೀಗ್ ಹಂತದಲ್ಲೇ ಪ್ರತಿ ತಂಡ 24 ಪಂದ್ಯ ಆಡಿತ್ತು. ಲೀಗ್ ಅತಂತ್ರವಾಗಿದ್ದ 2025ರ ಆಗಸ್ಟ್‌ನಲ್ಲಿ ಬೆಂಗಳೂರು ಎಫ್‌ಸಿ ತನ್ನ ಆಟಗಾರರ ಸಂಬಳವನ್ನೇ ತಡೆಹಿಡಿದಿತ್ತು. ಇಂಥ ಹೊತ್ತಿನಲ್ಲಿ ‘ಹಣ ಕಡಿಮೆ, ಪಂದ್ಯ ಕಡಿಮೆ, ಅನುಭವಿಗಳನ್ನೇ ನೆಚ್ಚಿಕೊಳ್ಳಿ’ ಎಂಬ ಬುದ್ಧಿವಾದ ಎಲ್ಲೆಡೆ ಕೇಳಿಬರುತ್ತಿದೆ. ಈ ಬುದ್ಧಿವಾದ ತಪ್ಪು. ಅದು ಎಷ್ಟು ತಪ್ಪು ಎಂದು ತೋರಿಸಲು ಒಂದೇ ಒಂದು ಅಂಕಿ ಸಾಕು: 14.

2024–25ರ ಐಎಸ್‌ಎಲ್‌ನಲ್ಲಿ ಸುನಿಲ್ ಛೆಟ್ರಿ ಹೊಡೆದ ಗೋಲುಗಳು 14. ಆ ಸೀಸನ್‌ನಲ್ಲಿ ಬೇರೆ ಯಾವ ಭಾರತೀಯನೂ ಅಷ್ಟು ಗೋಲು ಹೊಡೆಯಲಿಲ್ಲ. ಆಗ ಅವರಿಗೆ 40 ತುಂಬಿತ್ತು. ದೇಶ ಚಪ್ಪಾಳೆ ತಟ್ಟಿತು. ಆ ಚಪ್ಪಾಳೆಗೆ ಛೆಟ್ರಿ ಅರ್ಹರೇ. ಆದರೆ ತಂಡ ಕಟ್ಟುವವರ ಕಡೆಯಿಂದ ನೋಡಿದರೆ ಅದೇ ಅಂಕಿ ಒಂದು ಆರೋಪಪಟ್ಟಿ. 2013ರಲ್ಲಿ ಬೆಂಗಳೂರು ಎಫ್‌ಸಿ ಹುಟ್ಟಿದಾಗಲೇ ಬಂದವರು ಛೆಟ್ರಿ. ಹನ್ನೆರಡು ವರ್ಷ ಕಳೆದರೂ ಅವರ ಜಾಗದಲ್ಲಿ ಒಬ್ಬ ಭಾರತೀಯ ಸ್ಟ್ರೈಕರ್ ನೆಲೆಯೂರಲಿಲ್ಲ. 2024ರ ಜೂನ್‌ನಲ್ಲಿ ಕುವೈತ್ ವಿರುದ್ಧ ಆಡಿ ರಾಷ್ಟ್ರೀಯ ತಂಡಕ್ಕೆ ವಿದಾಯ ಹೇಳಿದವರನ್ನು 2025ರ ಮಾರ್ಚ್‌ನಲ್ಲಿ ದೇಶ ಮರಳಿ ಕರೆಯಬೇಕಾಯಿತು.

ಕಾರಣ ಆಟಗಾರರ ಪಟ್ಟಿಯಲ್ಲೇ ಇದೆ. ಮೈದಾನದಲ್ಲಿ ಒಮ್ಮೆಗೆ ನಾಲ್ವರು ವಿದೇಶಿಗರಿಗೆ ಅವಕಾಶವಿತ್ತು. ಆ ನಾಲ್ವರನ್ನು ಕ್ಲಬ್‌ಗಳು ಎಲ್ಲಿ ನಿಲ್ಲಿಸುತ್ತವೆ ಎಂಬುದನ್ನು ನೋಡಿ: ಮುಂಪಡೆ, ಮಿಡ್‌ಫೀಲ್ಡ್‌ನ ನಡುಭಾಗ, ರಕ್ಷಣೆಯ ನಡುಭಾಗ. ಭಾರತೀಯರಿಗೆ ಉಳಿಯುವುದು ಗೋಲ್‌ಕೀಪಿಂಗ್ ಮತ್ತು ಅಂಚುಗಳು. ಬೆಂಗಳೂರಿನ ಮುಂಪಡೆಗೆ ಮಿಕು ಬಂದರು, ರಾಯ್ ಕೃಷ್ಣ ಬಂದರು, ಹೋರ್ಹೆ ಪೆರೇರಾ ಡಿಯಾಸ್ ಬಂದರು. ಎಲ್ಲರೂ ಒಳ್ಳೆಯ ಆಟಗಾರರೇ. ಆದರೆ 2022–23ರಲ್ಲಿ ಲೀಗ್‌ನ ಉದಯೋನ್ಮುಖ ಆಟಗಾರ ಪ್ರಶಸ್ತಿ ಗೆದ್ದವರು ಇದೇ ಕ್ಲಬ್‌ನ ಶಿವಶಕ್ತಿ ನಾರಾಯಣನ್. ಆಮೇಲೆ ಆ ಲಯ ಉಳಿಯಲಿಲ್ಲ. ಸ್ಟ್ರೈಕರ್ ಪಂದ್ಯ ಆಡಿಯೇ ಪಳಗಬೇಕು. ಬೆಂಚಿನ ಮೇಲೆ ಕೂತು ಪಳಗಿದವನಿಲ್ಲ.

2024ರ ಖರೀದಿಯ ಉದಾಹರಣೆಯನ್ನು ನನ್ನ ಮುಂದೆ ಹಿಡಿಯುವವರಿದ್ದಾರೆ. 2023–24ರಲ್ಲಿ 12 ತಂಡಗಳ ಪೈಕಿ ಹತ್ತನೆಯ ಸ್ಥಾನಕ್ಕೆ ಕುಸಿದ ಬೆಂಗಳೂರು ತಂಡ ರಾಹುಲ್ ಭೇಕೆ, ನೊಗೇರಾ, ಡಿಯಾಸ್ ಮುಂತಾದವರನ್ನು ತಂದು ಮರುವರ್ಷವೇ ಫೈನಲ್ ಆಡಿತು. ಒಪ್ಪಿದೆ. ಆದರೆ ಸಿದ್ಧ ಆಟಗಾರನನ್ನು ಕೊಳ್ಳುವುದೆಂದರೆ ಬೇರೆಯವರ ಹೊಲದ ಕಬ್ಬು ಕಡಿದು ತಂದಂತೆ. ಮುಂದಿನ ವರ್ಷಕ್ಕೆ ನಮ್ಮಲ್ಲಿ ಕೂಳೆ ಇರುವುದಿಲ್ಲ. ಹಣ ಬತ್ತಿದ ವರ್ಷ ಈ ಸತ್ಯ ಎದ್ದು ಕಾಣುತ್ತದೆ. ಅದೇ ಸೀಸನ್‌ನ ಮೊದಲ ಪಂದ್ಯವನ್ನು ಯಾಕೆ ಮರೆಯುತ್ತೀರಿ? 2024ರ ಸೆಪ್ಟೆಂಬರ್ 14ರಂದು ಕಂಠೀರವದಲ್ಲಿ ಈಸ್ಟ್ ಬೆಂಗಾಲ್ ಸೋತದ್ದು 25ನೇ ನಿಮಿಷದ ಒಂದೇ ಗೋಲಿಗೆ. ಹೊಡೆದವರು ಕ್ಲಬ್‌ನ ಕಿರಿಯರ ತಂಡಗಳಲ್ಲೇ ಬೆಳೆದ, 19ರ ಹರೆಯದ ವಿನೀತ್ ವೆಂಕಟೇಶ್.

ರಾಜ್ಯದಲ್ಲಿ ಪ್ರತಿಭೆ ಇಲ್ಲ ಎನ್ನುವವರು ರಿಯಾದ್ ನೆನೆಯಲಿ. 2023ರ ಮಾರ್ಚ್ 4ರಂದು ಅಲ್ಲಿ ಮೇಘಾಲಯವನ್ನು 3–2ರಿಂದ ಮಣಿಸಿ ಕರ್ನಾಟಕ ಸಂತೋಷ್ ಟ್ರೋಫಿ ಗೆದ್ದಿತು. ಮೈಸೂರು ರಾಜ್ಯವಾಗಿದ್ದಾಗ 1968–69ರಲ್ಲಿ ಗೆದ್ದ ಮೇಲೆ 54 ವರ್ಷಗಳ ಕಾಯುವಿಕೆ ಮುಗಿಯಿತು. ಇನ್ನೂ ಹಿಂದಕ್ಕೆ ಹೋದರೆ, ಬೆಂಗಳೂರಿನ ಅಹ್ಮದ್ ಖಾನ್ ಅವರನ್ನು ಗುರುತಿಸಿ 1949ರಲ್ಲಿ ಕರೆದೊಯ್ದದ್ದು ಕೋಲ್ಕತ್ತದ ಈಸ್ಟ್ ಬೆಂಗಾಲ್. ಆ ವರ್ಷದಿಂದ ಸತತ ಮೂರು ಸಲ ಅದು ಐಎಫ್‌ಎ ಶೀಲ್ಡ್ ಗೆದ್ದಿತು. ಸಾವಿರಕ್ಕೂ ಹೆಚ್ಚು ಕಿಲೊಮೀಟರ್ ಆಚೆಯವರಿಗೆ ಕಂಡದ್ದು ಇಲ್ಲಿಯವರಿಗೆ ಕಾಣಬಾರದೇ?

ಹುಡುಕಬೇಕಾದ ಊರುಗಳಲ್ಲೊಂದು ಚಿಕ್ಕೋಡಿ ತಾಲ್ಲೂಕಿನ ಕರೋಶಿ. ಅಲ್ಲಿಂದ ಬೆಂಗಳೂರು ಐನೂರು ಕಿಲೊಮೀಟರ್‌ಗೂ ಹೆಚ್ಚು ದೂರ. ಗಡಿಯಾಚೆ ಮಹಾರಾಷ್ಟ್ರದ ಕೊಲ್ಹಾಪುರ ಒಂದೆರಡು ಗಂಟೆಯ ಹಾದಿ. ಅಲ್ಲಿ ಕುಸ್ತಿಯ ತಾಲೀಮುಗಳೇ, ಅಂದರೆ ಗರಡಿಗಳೇ, ಫುಟ್‌ಬಾಲ್ ತಂಡ ಕಟ್ಟುತ್ತವೆ. ಪಾಟಾಕಡೀಲ್, ಖಂಡೋಬಾ, ದಿಲ್‌ಬಹಾರ್ ತಾಲೀಮುಗಳು ಶಾಹೂ ಸ್ಟೇಡಿಯಂನಲ್ಲಿ ಎದುರಾದರೆ ಊರೇ ಅಲ್ಲಿರುತ್ತದೆ. ಆ ನಗರದ ಅನಿಕೇತ್ ಜಾಧವ್ ಪುಣೆಯ ಸರ್ಕಾರಿ ಕ್ರೀಡಾ ಪ್ರಬೋಧಿನಿಯಲ್ಲಿ ಪಳಗಿ 2017ರ 17 ವರ್ಷದೊಳಗಿನವರ ವಿಶ್ವಕಪ್ ಆಡಿದರು. ಗಡಿಯ ಈಚೆಗಿನ ನಿಪ್ಪಾಣಿ, ಚಿಕ್ಕೋಡಿ, ರಾಯಬಾಗದಲ್ಲೂ ಗರಡಿ ಇದೆ, ಕಬಡ್ಡಿ ಇದೆ, ಕಸುವುಳ್ಳ ಕಾಲುಗಳಿವೆ. ಇಲ್ಲದಿರುವುದು ಹುಡುಕಿಕೊಂಡು ಬರುವ ಕಣ್ಣು.

2025ರ ನವೆಂಬರ್‌ನಲ್ಲಿ ಬೆಂಗಳೂರು ಎಫ್‌ಸಿಯ ರಯಾನ್ ವಿಲಿಯಮ್ಸ್ ಆಸ್ಟ್ರೇಲಿಯಾ ಪೌರತ್ವ ಬಿಟ್ಟು ಭಾರತೀಯರಾದರು. ಹೀಗೆ ತೆರವಾದ ವಿದೇಶಿ ಸ್ಥಾನವನ್ನು ಮತ್ತೊಬ್ಬ ವಿದೇಶಿ ಸ್ಟ್ರೈಕರ್‌ಗೆ ಕೊಡಬೇಡಿ. ಮುಂಪಡೆಯ ಒಂದು ಸ್ಥಾನವನ್ನು ಅಕಾಡೆಮಿಯ ಹುಡುಗನಿಗೆ ಮೀಸಲಿಡಿ; ಹತ್ತು ಪಂದ್ಯ ಗೋಲು ಬಾರದಿದ್ದರೂ ಅವನನ್ನು ಕದಲಿಸಬೇಡಿ. ರಾಜ್ಯ ಫುಟ್‌ಬಾಲ್ ಸಂಸ್ಥೆಯೂ ಕ್ಲಬ್ಬೂ ಸೇರಿ ಪ್ರತಿ ವರ್ಷ ಗಡಿ ತಾಲ್ಲೂಕುಗಳಲ್ಲಿ 13 ವರ್ಷದೊಳಗಿನವರ ಆಯ್ಕೆ ಶಿಬಿರ ನಡೆಸಲಿ. ಅದಕ್ಕೆ ಬೇಕಾದ ಖರ್ಚು ಒಬ್ಬ ವಿದೇಶಿ ಆಟಗಾರನ ಸಂಬಳದ ಮುಂದೆ ಏನೇನೂ ಅಲ್ಲ.