ಗೀಸರ್ ಪದೇ ಪದೇ ಆರಿದರೆ

ಸ್ನಾನದ ಮಧ್ಯೆ ಗ್ಯಾಸ್ ಗೀಸರ್ ಆರಿಹೋಗುತ್ತದೆಯೇ? ರಿಪೇರಿಯವರಿಗೆ ಹೇಳಿಕಳಿಸುವ ಮುಂಚೆ ಇಷ್ಟು ನೋಡಿ.

ಟಿಕ್‌ಟಿಕ್ ಸದ್ದು ಕುಗ್ಗಿದ್ದರೆ ಎರಡೂ ಬ್ಯಾಟರಿ ಸೆಲ್ ಒಟ್ಟಿಗೇ ಬದಲಾಯಿಸಿ. ಸದ್ದು ಜೋರಾಗಿದ್ದೂ ಹೊತ್ತದಿದ್ದರೆ ಸಿಲಿಂಡರ್ ಮುಗಿದಿರಬಹುದು. ಹೊತ್ತಿ ಆರಿದರೆ ನೀರಿನ ರಭಸ ಸಾಲದೇನೋ. ಗ್ಯಾಸು, ನೀರು ಎರಡನ್ನೂ ನಿಲ್ಲಿಸಿ, ನೀರು ಒಳಬರುವ ಕಡೆಯ ಜಾಲರಿ ಬಿಚ್ಚಿ ತೊಳೆಯಿರಿ. ಕೆಲವು ಗೀಸರ್‌ಗಳು 20 ನಿಮಿಷಕ್ಕೆ ತಾವಾಗಿಯೇ ಆರುತ್ತವೆ, ಅದು ಕೆಟ್ಟದ್ದಲ್ಲ.

ಇಷ್ಟಾದರೂ ಆರಿದರೆ, ಇಲ್ಲವೆ ನೀಲಿ ಉರಿ ಹಳದಿಯಾದರೆ, ಮತ್ತೆ ಹೊತ್ತಿಸಲೇಬೇಡಿ. ಗಾಳಿ ಸಾಲದ ಕಡೆ ಉರಿ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ ಕಾರುತ್ತದೆ. ಹಂಡೆ ಒಲೆಯ ಹೊಗೆಯಾದರೆ ಕಣ್ಣು ಉರಿಸಿ ಎಚ್ಚರಿಸುತ್ತಿತ್ತು; ಇದಕ್ಕೆ ಬಣ್ಣವಿಲ್ಲ, ವಾಸನೆಯೂ ಇಲ್ಲ. ತಲೆ ಸುತ್ತಿದರೆ ತಕ್ಷಣ ಹೊರಬನ್ನಿ. ಚಳಿಯೆಂದು ಬಚ್ಚಲುಮನೆಯ ಕಿಟಕಿ ಮುಚ್ಚಬೇಡಿ. ಗೀಸರನ್ನು ಹೊರಗೇ, ಗಾಳಿಯಾಡುವ ಕಡೆ ಹಾಕಿಸಿದರೆ ಇನ್ನೂ ಕ್ಷೇಮ.