ಅನ್ಯೋನ್ಯತೆಯ ಅಳತೆಗೋಲು

ಸ್ಯಾನ್ ಹೋಸೆಯ ಬೆರ್ರಿಯೆಸಾದಂಥ ಕಡೆ ನೆಲೆಸಿದ ಕ್ರೈಸ್ತ ಕನ್ನಡಿಗರಿಗೆ, ಭಾನುವಾರದ ಪ್ರಾರ್ಥನೆ ಮತ್ತು ಆಮೇಲಿನ ಸಹಭೋಜನವೇ ಅನ್ಯೋನ್ಯತೆಯೆಂದು ನಂಬುವುದು ಸುಲಭ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನ ಚರಿತ್ರೆ ಅದಕ್ಕಿಂತ ಹೆಚ್ಚಿನದನ್ನು ಕೇಳುತ್ತದೆ. ಸಭೆ ಸೇರುವವರು ಜಾತಿಯನ್ನು ತೊರೆಯಬೇಕೆಂದು ಮಿಷನ್ ಪಟ್ಟುಹಿಡಿಯಿತು. ಹಾಗೆ ಸೇರಿ ಬಂಧುಗಳನ್ನೂ ಕಸುಬನ್ನೂ ಕಳೆದುಕೊಂಡವರಿಗಾಗಿ ನೇಯ್ಗೆಯನ್ನು, 1865ರಲ್ಲಿ ಹಂಚಿನ ಕಾರ್ಖಾನೆಯನ್ನು ಆರಂಭಿಸಿತು. ಅದರಲ್ಲಿ ಯಜಮಾನಿಕೆಯೂ ಇತ್ತು, ನಿಜ. ಆದರೆ ಸಹೋದರತ್ವವೆಂದರೆ ಅನ್ನದ ಹೊಣೆಯೂ ಹೌದೆಂಬ ಅರಿವಿತ್ತು.

ಜಾತಿ ತಾರತಮ್ಯವನ್ನು ಹೆಸರಿಸಿ ನಿಷೇಧಿಸುವ ಮಸೂದೆಯನ್ನು ಕ್ಯಾಲಿಫೋರ್ನಿಯಾದ ಗವರ್ನರ್ ನ್ಯೂಸಮ್ 2023ರಲ್ಲಿ ತಿರಸ್ಕರಿಸಿದರು. ಸರ್ಕಾರ ಹಿಂಜರಿದಲ್ಲಿ ಸಭೆಯೂ ಹಿಂಜರಿಯಬೇಕಿಲ್ಲ. ಒಂದೇ ರೊಟ್ಟಿ ಹಂಚಿಕೊಂಡವರು ಮಕ್ಕಳ ಮದುವೆಗೆ ಕುಲ ವಿಚಾರಿಸಿದರೆ, ಕೆಲಸ ಕಳೆದುಕೊಂಡವನ ಮನೆಬಾಡಿಗೆಯ ಚಿಂತೆ ಅವನೊಬ್ಬನದೇ ಆಗಿ ಉಳಿದರೆ, ಆ ಒಡನಾಟವನ್ನು ಅನ್ಯೋನ್ಯತೆಯೆಂದು ಕರೆಯುವ ಹಕ್ಕು ನಮಗಿಲ್ಲ.